ರಾತ್ರಿ ಎಲ್ಲಿ ಮಲಗುತ್ತೀರಿ

ನಸುಕಿಗೇ ಕೊಯ್ದ ಇಲಾಂಗ್ ಹೂವು
ತಾಮ್ರದ ಹಂಡೆಯಲ್ಲಿ ಬೇಯುತ್ತಿದೆ.
ಅಂಜುವಾನ್ ದ್ವೀಪದ ಈ ಇಳಿಜಾರಿಗೆಲ್ಲ
ಅದರದೇ ಮತ್ತು.
ತೊಯ್ಫಾ ಮುಚ್ಚಳ ಎತ್ತುತ್ತಾಳೆ, ಬರಿಗೈಲಿ.
ಬಟ್ಟೆ ಬೇಡವೇ ಅಂದರೆ ನಗುತ್ತಾಳೆ:
‘ನನ್ನ ಕೈ ಗಟ್ಟಿ.’
ಅವಳ ಕೈ ಗಟ್ಟಿಯೆಂದು ಊರಿಗೇ ಗೊತ್ತಿತ್ತು,
ಹೊಗಳಿಯೂ ಇದ್ದರು.

ಕಣ್ಣು ಮುಚ್ಚು, ಅಂದೆ.
ಹತ್ತಿಯ ಎಳೆಯೊಂದನ್ನು ಹೊಸೆದು ಮುಟ್ಟಿದೆ.
ಮುಟ್ಟಿದಲ್ಲಿ ಬೆರಳಿಟ್ಟು ತೋರಿಸು.
ತೋರಿಸಿದಳು, ಭುಜ. ತೋರಿಸಿದಳು, ಮೊಣಕೈ.
ಮುಂಗೈಯ ಮಸುಕು ಮಚ್ಚೆಯ ಮೇಲೆ
ಮೂರು ಸಲ ಮುಟ್ಟಿದೆ.
ಅವಳು ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದಳು,
ನಾನಿನ್ನೂ ಮುಟ್ಟಿಲ್ಲವೆಂದುಕೊಂಡು.

ಕೈಯಲ್ಲಿನ ಯಂತ್ರ ಆಕಾಶವನ್ನು ಕೇಳಿ
ಅವಳ ಮನೆಯನ್ನು ಪತ್ತೆಮಾಡಿತು.
ನಕಾಶೆಯಲ್ಲೊಂದು ಚುಕ್ಕಿ, ಸುತ್ತ ನೂರು ಮೀಟರಿನ ವೃತ್ತ.
ಅದರೊಳಗಿನ ಪ್ರತಿ ಬಾಗಿಲು ತಟ್ಟಿ
ಮೈ ನೋಡುವುದು, ಒಂದು ಸಲದ ಮಾತ್ರೆ ನುಂಗಿಸುವುದು ನನ್ನ ಕೆಲಸ.
ಹೆಸರು ಹೇಳದಿರುವುದೂ ಕೆಲಸವೇ.
ಯಾರಿಗೋಸ್ಕರ ಬಂದೆ ಎಂದರೆ
ಎಲ್ಲರಿಗೋಸ್ಕರ ಅನ್ನುತ್ತೇನೆ.
ಕೇಳಿದವರು ತಮ್ಮ ಅಂಗಳದಿಂದಲೇ
ವೃತ್ತದ ನಡುವನ್ನು ಕಣ್ಣಳತೆಯಲ್ಲಿ ಹುಡುಕುತ್ತಾರೆ.
ನಾಳೆ ಉಚ್ಚೆ ಕೆಂಪಗಾದೀತು, ಹೆದರಬೇಡಿ ಎಂದಾಗ ಮಾತ್ರ
ಓಣಿಯೆಲ್ಲ ನಕ್ಕಿತು.

ಮೂವತ್ತೊಂದು ಮನೆ. ಯಾರ ಮೈಮೇಲೂ ಏನಿಲ್ಲ.
ಮತ್ತೆ ಇವಳಿಗೆಲ್ಲಿಂದ ಬಂತು?

ಅವಸರದ್ದಲ್ಲ ಈ ರೋಗಾಣು.
ಒಂದು ಎರಡಾಗಲು ಹತ್ತಿರಹತ್ತಿರ ಹದಿನೈದು ದಿನ.
ಐದು ವರ್ಷ, ಕೆಲವೊಮ್ಮೆ ಇಪ್ಪತ್ತು,
ಮೈಯೊಳಗೆ ಕೂತು ಬಾಯಿ ಬಿಡುವುದಿಲ್ಲ.
ನನ್ನ ಯಂತ್ರದ ಬ್ಯಾಟರಿ ಆರು ಗಂಟೆ.

ಇಲ್ಲಿ ಮನೆ ಹೆಣ್ಣಿನದು.
ಮಗಳು ಹುಟ್ಟಿದ್ದೇ ತಡ ಅಪ್ಪ ಗೋಡೆಗೆ ಕಲ್ಲು ಕೂಡಿಸುತ್ತಾನೆ.
ಗಂಡ ಬರುತ್ತಾನೆ, ಹೋಗುತ್ತಾನೆ,
ಇನ್ನೊಬ್ಬಳ ಮನೆ ಗುಡ್ಡದಾಚೆ.
ಮೀಸೆ ಚಿಗುರಿದ ಹುಡುಗರಿಗೆ ಹಿತ್ತಲಲ್ಲಿ ತಗಡಿನ ಗೂಡು.
ನಕಾಶೆಗೆ ಗೋಡೆ ಗೊತ್ತು,
ಚಾಪೆ ಗೊತ್ತಿಲ್ಲ.

ಪ್ರಶ್ನೆ ಬದಲಿಸಿದೆ. ರಾತ್ರಿ ಎಲ್ಲಿ ಮಲಗುತ್ತೀರಿ?
ಹೆಂಗಸರು ಗಂಡಸರ ಮುಖ ನೋಡಿದರು.
ಮಸೀದಿಯ ಜಗಲಿಯಲ್ಲಿ, ಅಂದ ಒಬ್ಬ ಮುದುಕ.
ತೊಯ್ಫಾಳ ಗಂಡ ಅಂಬ್ದಿ
ಬಲೆಯ ಗಂಟೊಂದನ್ನು ಬಹಳ ಹೊತ್ತು ಬಿಡಿಸಿ
‘ಗಾಳಿ ನೋಡಿಕೊಂಡು’ ಎಂದ.

ಮತ್ತೆ ಚಿಕ್ಕವಳಿದ್ದಾಗ ನೀನು?
ತೊಯ್ಫಾ ಹಂಡೆಯ ಉರಿ ತಗ್ಗಿಸಿದಳು.
‘ಮೇಲೆ, ಲವಂಗದ ತೋಟದಲ್ಲಿ, ಚಿಕ್ಕಮ್ಮ ಮೊಯ್ನೂರು ಹತ್ತಿರ.
ಒಂದೇ ಚಾಪೆ, ಏಳು ಮಕ್ಕಳು.
ಅವಳಿಗೆ ಬೆರಳಿರಲಿಲ್ಲ.
ಅಂಗೈಯಿಂದಲೇ ಜಡೆ ಹೆಣೆಯುತ್ತಿದ್ದಳು,
ಸಡಿಲವಾಗುತ್ತಿತ್ತು.’

ಹತ್ತಿ ಹೋದೆ.
ಸೂರಿಲ್ಲ. ಮೂರು ಒಲೆಗಲ್ಲು, ಒಂದು ನಿಂಬೆಗಿಡ.
ಇಲ್ಲಿ ಕಟ್ಟಡವಿಲ್ಲ ಎಂದಿತು ಯಂತ್ರ.
ಇದ್ದರೂ ಇಲ್ಲದಿದ್ದರೂ ಚುಕ್ಕಿಯಿಟ್ಟೆ.
ವಾಸಿಸುವವರ ಸಂಖ್ಯೆ ಎಂಬಲ್ಲಿ ಸೊನ್ನೆ ಬರೆದೆ,
ಬರೆದು ಸ್ವಲ್ಪ ಹೊತ್ತು ಅಲ್ಲೇ ಕೂತೆ.

ಏಳರಲ್ಲಿ ಒಬ್ಬಳು ತೊಯ್ಫಾ.
ಮೂವರು ಈ ಕರಾವಳಿಯಲ್ಲೇ ಸಿಕ್ಕರು,
ಒಬ್ಬನ ಕಿವಿಯ ಹಾಲೆ ದಪ್ಪಗಾಗಿತ್ತು.
ಉಳಿದ ಮೂವರು ದೋಣಿ ಹತ್ತಿ, ಕತ್ತಲಲ್ಲಿ,
ಮಯೋಟ್ ಸೇರಿದವರು, ಕಾಗದಪತ್ರವಿಲ್ಲದೆ.
ಫೋನಿನಲ್ಲಿ ಸಿಕ್ಕ ಒಬ್ಬನನ್ನು ಕೇಳಿದೆ:
ರಾತ್ರಿ ಎಲ್ಲಿ ಮಲಗುತ್ತೀಯ?
ಉಸಿರು ಕೇಳಿಸಿತು. ಫೋನು ಇಟ್ಟ.
ಅಲ್ಲಿ ಇದೇ ಮಾತನ್ನು
ಪೊಲೀಸರು ಕೇಳುತ್ತಾರೆ.

ಸಮುದ್ರದ ಮೇಲೆ ಚುಕ್ಕಿಯಿಡಲು ಬರುವುದಿಲ್ಲ.
ಮೂರೂ ಹೆಸರನ್ನು ಪುಸ್ತಕದ ಕೊನೆಯ ಹಾಳೆಯಲ್ಲಿ
ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.

ಕೆಳಗೆ ತೊಯ್ಫಾ ಕೈಗೆ ಅರಿವೆ ಸುತ್ತಿ
ಮುಚ್ಚಳ ಎತ್ತುತ್ತಿದ್ದಾಳೆ, ಒಡ್ಡೊಡ್ಡಾಗಿ,
ಹೊಸದಾಗಿ ಕೆಲಸಕ್ಕೆ ಸೇರಿದವಳ ಹಾಗೆ.
ಎರಡು ಸಲ ಕೈಜಾರಿತು.
ನೋಡುತ್ತಿದ್ದವರು ಕೇಳಿದರು,
ಏನಾಯ್ತೇ ನಿನ್ನ ಗಟ್ಟಿ ಕೈಗೆ?
ಹಬೆಯೊಳಗಿನಿಂದ ಅವಳು ಏನೋ ಅಂದಳು.
ನನ್ನವರೆಗೆ ಹೂವಿನ ವಾಸನೆಯಷ್ಟೇ ಬಂತು.